ನೋಟಕ್ಕೆ ನೆಟ್ಟಗೆ ನಿಂತ ಕಾಲು: ಮನೆಯಲ್ಲಿ ಕಟ್ಟಿದ ವಿಮಾನ ಮತ್ತು ಅದರ ಎಣ್ಣೆ-ಗಾಳಿಯ ಲೆಕ್ಕ

ವಿಮಾನವೆಂದೊಡನೆ ನಮ್ಮ ಕಣ್ಣು ಹೋಗುವುದು ರೆಕ್ಕೆಯ ಕಡೆಗೆ, ಕಿವಿ ಹೋಗುವುದು ಎಂಜಿನ್ನಿನ ಕಡೆಗೆ. ಕಾಲಿನ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಗಲ್ಫಿನಿಂದ ಊರಿಗೆ ಬರುವ ನಮ್ಮವರು ಬಜಪೆಯಲ್ಲೋ ಕಣ್ಣೂರಿನಲ್ಲೋ ವಿಮಾನದ ಗಾಲಿ ನೆಲ ಮುಟ್ಟಿದಾಗ 'ಸದ್ಯ, ಇಳಿಯಿತು' ಎಂದು ಉಸಿರು ಬಿಡುತ್ತಾರೆಯೇ ಹೊರತು, ಆ ಏಟನ್ನು ನುಂಗಿಕೊಂಡದ್ದು ಯಾವುದು ಎಂದು ವಿಚಾರಿಸುವುದಿಲ್ಲ. ಹಾರುವುದು ಎಷ್ಟು ದೊಡ್ಡ ವಿದ್ಯೆಯೋ ಇಳಿಯುವುದೂ ಅಷ್ಟೇ ದೊಡ್ಡ ವಿದ್ಯೆ. ಆ ವಿದ್ಯೆಯ ಅರ್ಧಪಾಲು ವಿಮಾನದ ಕಾಲಿನೊಳಗಿದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಇಬ್ಬರು ಕೂರುವ, 700 ಕಿಲೋ ತೂಕದ ಒಂದು ವಿಮಾನ ಸೆಕೆಂಡಿಗೆ 2 ಮೀಟರಿನಂತೆ ಕೆಳಗಿಳಿಯುತ್ತಾ ನೆಲ ಮುಟ್ಟಿತೆನ್ನಿ. ಅಷ್ಟು ಭಾರವನ್ನು 20 ಸೆಂಟಿಮೀಟರ್ ಎತ್ತರದಿಂದ ಒಮ್ಮೆಲೇ ಕೈಬಿಟ್ಟಷ್ಟು ಏಟು ಅದು. ಕಾಲು ಗಟ್ಟಿ ಕಬ್ಬಿಣದ ಕಂಬವಾಗಿದ್ದು, ಒಂದೇ ಸೆಂಟಿಮೀಟರಿನಲ್ಲಿ ಆ ವೇಗ ನಿಲ್ಲಬೇಕಾದರೆ ವಿಮಾನದ ಮೈಮೇಲೆ ಬೀಳುವ ಒತ್ತಡ ಅದರ ತೂಕದ ಇಪ್ಪತ್ತು ಪಟ್ಟಿಗೂ ಮಿಕ್ಕುತ್ತದೆ. ಅದೇ ಕಾಲು 15 ಸೆಂಟಿಮೀಟರ್ ಮಡಿಯಬಲ್ಲದಾದರೆ ಒತ್ತಡ ತೂಕದ ಎರಡೂವರೆ ಪಟ್ಟಿನೊಳಗೆ ನಿಲ್ಲುತ್ತದೆ. ಮರದಿಂದ ಜಿಗಿದವನು ಮಂಡಿ ಮಡಿಸಿ ನೆಲ ಮುಟ್ಟುವುದೂ, ಮಡಿಸದವನು ಸೊಂಟ ಮುರಿದುಕೊಳ್ಳುವುದೂ ಇದೇ ಲೆಕ್ಕದಿಂದ. ಸಣ್ಣ ವಿಮಾನಗಳ ಕಾಲು ಸೆಕೆಂಡಿಗೆ 7ರಿಂದ 10 ಅಡಿ ಇಳಿತದ ಏಟನ್ನು ತಡೆಯಬೇಕೆಂದು ಲೆಕ್ಕ ಹಾಕುವುದು ವಿನ್ಯಾಸಕಾರರ ಬಹುಕಾಲದ ರೂಢಿ.

ಕಾರ್ಖಾನೆಯಲ್ಲಿ ತಯಾರಾದ ವಿಮಾನದ ಕಾಲನ್ನು ನೋಡಿಕೊಳ್ಳಲು ಪರವಾನಗಿ ಪಡೆದ ಎಂಜಿನಿಯರರಿದ್ದಾರೆ. ಆದರೆ ಮನೆಯ ತಾರಸಿಯಲ್ಲೋ ಹಿತ್ತಿಲ ಕೊಟ್ಟಿಗೆಯಲ್ಲೋ ಸ್ವಂತ ಕೈಯಿಂದ ವಿಮಾನ ಕಟ್ಟಿದವನ ಗತಿಯೇನು? ಅವನ ವಿಮಾನದ ಕಾಲಿಗೆ ಎಣ್ಣೆ ಹಾಕುವವರು ಯಾರು, ಗಾಳಿ ತುಂಬುವವರು ಯಾರು? ಹೆಚ್ಚಿನ ವೇಳೆ ಅವನೇ. ಈ ಲೇಖನದ ವಿಷಯ ಅದೇ.

ಮನೆಯಲ್ಲಿ ಕಟ್ಟುವ ಮಂದಿ

ವಿಮಾನವನ್ನು ಮನೆಯಲ್ಲಿ ಕಟ್ಟುವುದೆಂದರೆ ಹುಚ್ಚರ ಕೆಲಸವೆಂದು ನಗಬೇಕಾಗಿಲ್ಲ. ಸಾಂಟೋಸ್ ಡ್ಯೂಮಾಂಟ್ ಎಂಬ ಬ್ರೆಜಿಲಿನ ಸಾಹಸಿಯ 'ಡೆಮಾಸೆಲ್' ಎಂಬ ಪುಟ್ಟ ವಿಮಾನದ ನಕ್ಷೆ 1910ರಲ್ಲೇ ಅಮೆರಿಕದ ಒಂದು ಜನಪ್ರಿಯ ಮಾಸಪತ್ರಿಕೆಯಲ್ಲಿ ಅಚ್ಚಾಗಿತ್ತು. ಬೇಕಾದವರು ನೋಡಿ ಕಟ್ಟಿಕೊಳ್ಳಬಹುದಿತ್ತು. ನಮ್ಮ ಮೈಸೂರಿನವರೇ ಆದ ಎಸ್. ವಿ. ಸೆಟ್ಟಿಯವರು 1911-12ರ ಸುಮಾರಿಗೆ ಇಂಗ್ಲೆಂಡಿನ ಎ. ವಿ. ರೋ ಕಂಪನಿಯಲ್ಲಿ ವಿಮಾನ ಕಟ್ಟುವುದನ್ನೂ ಹಾರಿಸುವುದನ್ನೂ ಕಲಿತಿದ್ದರು. 1953ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ಮನೆಯಲ್ಲಿ ವಿಮಾನ ಕಟ್ಟುವವರದೇ ಒಂದು ಸಂಘ ಹುಟ್ಟುಹಾಕಿದರು. ಇಂದು ಆ ದೇಶದಲ್ಲಿ ಇಂಥ ವಿಮಾನಗಳು ಸಾವಿರಗಟ್ಟಲೆ ಇವೆ. ವಿಮಾನದ ಹೆಚ್ಚಿನ ಪಾಲನ್ನು ತಾನೇ ಕಟ್ಟಿದ್ದೇನೆಂದು ತೋರಿಸಿಕೊಟ್ಟವನಿಗೆ ವರ್ಷಕ್ಕೊಮ್ಮೆಯ ತಪಾಸಣೆಯನ್ನೂ ತಾನೇ ಮಾಡುವ ಅರ್ಹತಾಪತ್ರ ಅಲ್ಲಿ ಸಿಗುತ್ತದೆ.

ನಮ್ಮ ದೇಶದ ಹೆಸರಾಂತ ಉದಾಹರಣೆಯೆಂದರೆ ಮಹಾರಾಷ್ಟ್ರದ ಅಮೋಲ್ ಯಾದವ್. ವೃತ್ತಿಯಲ್ಲಿ ಪೈಲಟ್ ಆದ ಇವರು ಮುಂಬಯಿಯ ಕಾಂದಿವಲಿಯಲ್ಲಿ ತಮ್ಮ ಮನೆಯ ಕಟ್ಟಡದ ತಾರಸಿಯ ಮೇಲೆ ಆರು ಮಂದಿ ಕೂರುವ ವಿಮಾನವನ್ನು ಕಟ್ಟಿದರು. 2016ರ ಫೆಬ್ರವರಿಯಲ್ಲಿ ಮುಂಬಯಿಯ 'ಮೇಕ್ ಇನ್ ಇಂಡಿಯಾ' ಪ್ರದರ್ಶನದಲ್ಲಿ ಜನ ಅದನ್ನು ಮುತ್ತಿಕೊಂಡು ನೋಡಿದರು. ಆದರೆ ನೋಂದಣಿ ದೊರೆತದ್ದು 2017ರ ನವೆಂಬರಿನಲ್ಲಿ. ಹಾರಾಟದ ಅನುಮತಿ ಕೈಸೇರಿದ್ದು 2019ರ ಅಕ್ಟೋಬರಿನಲ್ಲಿ. ಕಟ್ಟುವ ತಾಳ್ಮೆಗಿಂತ ಕಾಯುವ ತಾಳ್ಮೆ ದೊಡ್ಡದಾಗಿರಬೇಕಾಯಿತು.

ಕೇರಳದಲ್ಲಿರುವ ನಮಗೆ ಇನ್ನೊಂದು ಹೆಸರು ಪರಿಚಿತ. ಆಲಪ್ಪುಳದ ಮೂಲದ ಎಂಜಿನಿಯರ್ ಅಶೋಕ್ ತಾಮರಾಕ್ಷನ್ ಇಂಗ್ಲೆಂಡಿನ ತಮ್ಮ ಮನೆಯಲ್ಲಿ, ಕೊರೋನಾ ಕಾಲದಲ್ಲಿ, ದಕ್ಷಿಣ ಆಫ್ರಿಕದಿಂದ ತರಿಸಿದ ಬಿಡಿಭಾಗಗಳನ್ನು ಜೋಡಿಸಿ ನಾಲ್ಕು ಮಂದಿ ಕೂರುವ 'ಸ್ಲಿಂಗ್' ವಿಮಾನವನ್ನು ಕಟ್ಟಿ 2022ರಲ್ಲಿ ಹಾರಿಸಿದರು.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಕೂಡ ಈ ದಾರಿಯಲ್ಲಿ ನಡೆದದ್ದುಂಟು. 1980ರ ದಶಕದಲ್ಲಿ ಆ ಸಂಸ್ಥೆ ಅಮೆರಿಕದ ಬರ್ಟ್ ರೂಟನ್ ಅವರ 'ಲಾಂಗ್-ಈಜೀ' ಎಂಬ, ಮನೆಯಲ್ಲಿ ಕಟ್ಟಿಕೊಳ್ಳುವವರಿಗೆಂದೇ ರಚಿಸಿದ ನಕ್ಷೆಯ ಆಧಾರದ ಮೇಲೆ ಒಂದು ಸಣ್ಣ ವಿಮಾನವನ್ನು ಕಟ್ಟಿ ಹಾರಿಸಿತು. ಗಾಜಿನ ನಾರು ಮತ್ತು ರಾಳದಿಂದ ವಿಮಾನ ಕಟ್ಟುವ ಕಲೆ ನಮ್ಮವರ ಕೈಗೆ ಹತ್ತಿದ್ದು ಇಂಥ ಕೆಲಸಗಳಿಂದ. ಅದೇ ಸಂಸ್ಥೆಯ 'ಹಂಸ' 1993ರ ನವೆಂಬರ್ 17ರಂದು ಮೊದಲ ಬಾರಿ ಹಾರಿತು. ಅದರ ಹೊಸ ಪೀಳಿಗೆಯ ವಿಮಾನ 2021ರ ಸೆಪ್ಟೆಂಬರಿನಲ್ಲಿ ಹಾರಿತು.

ಕಾಲುಗಳಲ್ಲಿ ಬಗೆಬಗೆ

ಮನೆಯಲ್ಲಿ ಕಟ್ಟಿದ ವಿಮಾನಗಳ ಕಾಲುಗಳೆಲ್ಲ ಒಂದೇ ತೆರನಲ್ಲ. ಹಳೆಯ 'ಪೈಪರ್ ಕಬ್' ಜಾತಿಯಲ್ಲಿ ರಬ್ಬರಿನ ದಪ್ಪ ಹುರಿಯನ್ನು ಸುತ್ತಿ ಬಿಗಿದಿರುತ್ತಾರೆ. ಏಟು ಬಿದ್ದಾಗ ಹುರಿ ಹಿಗ್ಗುತ್ತದೆ. ಅಮೆರಿಕದ ಸ್ಟೀವ್ ವಿಟ್‌ಮನ್ ಎಂಬವರು ಉಕ್ಕಿನ ಪಟ್ಟಿಯನ್ನೇ ಬಗ್ಗಿಸಿ ಕಾಲು ಮಾಡುವ ಉಪಾಯ ಕಂಡುಹಿಡಿದರು. 1940ರ ದಶಕದಲ್ಲಿ ಸೆಸ್ನಾ ಕಂಪನಿ ಅದನ್ನು ಕೊಂಡು ತನ್ನ ವಿಮಾನಗಳಿಗೆ ಅಳವಡಿಸಿತು. ಇಂದು ಮನೆಯಲ್ಲಿ ಕಟ್ಟುವವರಿಗೆ ಅತಿ ಪ್ರಿಯವಾದ 'ಆರ್‌ವಿ' ಸಾಲಿನ ವಿಮಾನಗಳದೂ ಇದೇ ಬುಡಕಟ್ಟು: ತುದಿಗೆ ಸಣ್ಣದಾಗುತ್ತ ಹೋಗುವ ಉಕ್ಕಿನ ಸರಳು.

ಲಾಂಗ್-ಈಜೀಯ ಹಿಂದಿನ ಕಾಲುಗಳೆರಡೂ ಸೇರಿ ಗಾಜಿನ ನಾರಿನ ಒಂದೇ ಬಿಲ್ಲು. ಅದರ ಮೂಗಿನ ಗಾಲಿಯನ್ನು ಪೈಲಟ್ ಹಿಡಿಕೆ ತಿರುಗಿಸಿ ಕೈಯಾರೆ ಮಡಿಸುತ್ತಾನೆ. ಎಂಜಿನ್ ಹಿಂದುಗಡೆ ಇರುವುದರಿಂದ ಪೈಲಟ್ ಇಳಿದೊಡನೆ ವಿಮಾನ ಹಿಂದಕ್ಕೆ ವಾಲುತ್ತದೆ; ಆದುದರಿಂದ ಮೂಗನ್ನು ನೆಲಕ್ಕೂರಿ, ಮಲಗುವ ದನ ಮುಂಗಾಲು ಮಡಿಸಿದಂತೆ, ನಿಲ್ಲಿಸಿಡುತ್ತಾರೆ. ಇಂಥ ಕಾಲಿಗೆ ಎಣ್ಣೆ ಬೇಡ, ಗಾಳಿ ಬೇಡ. ಆದರೂ ಅದಕ್ಕೆ ಶತ್ರುವಿಲ್ಲದಿಲ್ಲ: ಬ್ರೇಕಿನ ಬಿಸಿ. ಗಾಲಿಯ ಬಿಸಿ ರಾಳಕ್ಕೆ ತಾಗಿದರೆ ಬಿಲ್ಲು ಮೆತ್ತಗಾಗುತ್ತದೆ. ಹಾಗಾಗಿ ಬಿಸಿ ತಡೆಯುವ ಹೊದಿಕೆ ಸುತ್ತಬೇಕು, ಆಗಾಗ ಬಿಚ್ಚಿ ನೋಡಬೇಕು.

ಈ ರಬ್ಬರು, ಉಕ್ಕು, ನಾರುಗಳಿಗೆಲ್ಲ ಒಂದು ಸಮಾನ ದೋಷವಿದೆ. ತಿಂದ ಏಟಿನ ಬಹುಪಾಲನ್ನು ಅವು ಹಿಂದಿರುಗಿಸುತ್ತವೆ. ಚೆಂಡು ಪುಟಿದಂತೆ ವಿಮಾನ ಪುಟಿಯುತ್ತದೆ. ಏಟನ್ನು ತಿಂದು ಜೀರ್ಣಿಸಿಕೊಳ್ಳುವ ಕಾಲು ಬೇಕಾದರೆ ಎಣ್ಣೆ-ಗಾಳಿಯ ಕಾಲಿಗೇ ಬರಬೇಕು. ಅದಕ್ಕೆ 'ಒಲಿಯೋ ಸ್ಟ್ರಟ್' ಎಂದು ಹೆಸರು. ಬಜಪೆಯಲ್ಲಿಳಿಯುವ ಬೋಯಿಂಗಿನ ಗಾಲಿಯ ಮೇಲ್ಗಡೆ ಕನ್ನಡಿಯಂತೆ ಹೊಳೆಯುವ ಗೇಣುದ್ದದ ಲೋಹ ಕಾಣುವುದಲ್ಲವೇ, ಅದು ಈ ಸ್ಟ್ರಟ್ಟಿನ ಒಳಕೊಳವೆಯೇ. ಸಣ್ಣ ವಿಮಾನಗಳಲ್ಲಿ, ಮನೆಯಲ್ಲಿ ಕಟ್ಟಿದ ಕೆಲವು ಜಾತಿಗಳಲ್ಲಿಯೂ, ಇದರದೇ ಪುಟ್ಟ ರೂಪವಿದೆ.

ಶ್ಯಾವಿಗೆ ಒರಳಿನ ತತ್ತ್ವ

ಇದರ ಮೂಲ ಫಿರಂಗಿಯಲ್ಲಿದೆಯೆಂದರೆ ಆಶ್ಚರ್ಯವಾದೀತು. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ತೋಪನ್ನು ತಡೆಯಲು ಎಣ್ಣೆಯನ್ನು ಸಣ್ಣ ರಂಧ್ರದ ಮೂಲಕ ನುಗ್ಗಿಸುವ ಏರ್ಪಾಡಿತ್ತು. ಬ್ರಿಟನ್ನಿನ ವಿಕರ್ಸ್ ಕಂಪನಿ 1915ರಲ್ಲಿ ಅದನ್ನೇ ವಿಮಾನದ ಕಾಲಿಗೆ ಹೊಂದಿಸಿ ಪೇಟೆಂಟ್ ಪಡೆಯಿತು. ಅಮೆರಿಕದ ಕ್ಲೀವ್‌ಲೆಂಡ್ ನ್ಯೂಮ್ಯಾಟಿಕ್ ಕಂಪನಿ 1926ರಲ್ಲಿ ತನ್ನ ಎಣ್ಣೆ-ಗಾಳಿಯ ಸ್ಟ್ರಟ್ಟನ್ನು ಮಾರುಕಟ್ಟೆಗೆ ತಂದಿತು. ನೂರು ವರ್ಷ ಕಳೆದರೂ ತತ್ತ್ವ ಬದಲಾಗಿಲ್ಲ.

ಒಂದು ಹೊರಕೊಳವೆ, ಅದರೊಳಗೆ ಜಾರುವ ಒಂದು ಒಳಕೊಳವೆ. ಕೆಳಗೆ ಎಣ್ಣೆ, ಮೇಲೆ ಒತ್ತಿ ತುಂಬಿದ ಗಾಳಿ ಅಥವಾ ನೈಟ್ರೋಜನ್. ನಡುವೆ ಸಣ್ಣ ರಂಧ್ರವಿರುವ ಒಂದು ಬಿಲ್ಲೆ. ವಿಮಾನ ನಿಂತಿರುವಾಗ ಭಾರವನ್ನು ಹೊರುವುದು ಗಾಳಿ. ನೆಲ ಮುಟ್ಟಿದ ಕ್ಷಣದಲ್ಲಿ ಏಟನ್ನು ತಿನ್ನುವುದು ಎಣ್ಣೆ. ಮನೆಯ ಹೆಂಗಸರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಶ್ಯಾವಿಗೆ ಒರಳಿನಲ್ಲಿ ಹಿಟ್ಟನ್ನು ನಿಧಾನವಾಗಿ ಒತ್ತಿದರೆ ಎಳೆ ಎಳೆಯಾಗಿ ಇಳಿಯುತ್ತದೆ. ಅವಸರದಿಂದ ಒತ್ತಿದರೆ ತೋಳು ಸೋಲುತ್ತದೆಯೇ ಹೊರತು ಹಿಟ್ಟು ಇಳಿಯುವುದಿಲ್ಲ. ಎಣ್ಣೆಯೂ ಹಾಗೆಯೇ. ಎಷ್ಟು ಜೋರಾಗಿ ಒತ್ತಿದರೆ ಅಷ್ಟು ಜೋರಾಗಿ ತಡೆಯುತ್ತದೆ. ಆ ತಿಕ್ಕಾಟದಲ್ಲಿ ಏಟಿನ ಶಕ್ತಿಯೆಲ್ಲ ಬಿಸಿಯಾಗಿ ಕರಗಿ ಹೋಗುತ್ತದೆ.

ಇದನ್ನು ಕಲಿಯಲು ವಿಮಾನ ನಿಲ್ದಾಣಕ್ಕೇ ಹೋಗಬೇಕೆಂದಿಲ್ಲ. ಮರಾಠವಾಡದ ಗಡಿಯಲ್ಲಿ, ಉಮರ್ಗಾ ತಾಲೂಕಿನಲ್ಲಿ, ಗುಂಜೋಟಿ ಎಂಬ ಊರಿದೆ. ಗುಂಜೋಟಿ, ನಿಲಂಗಾ, ಉದಗೀರಗಳ ಆ ಸೀಮೆಯಲ್ಲಿ ನಮ್ಮಂತೆಯೇ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಬೇರೆ ನುಡಿ ಆಡುವ ಕುಟುಂಬಗಳಿವೆ. ನಮಗೆ ಮಲಯಾಳ, ಅವರಿಗೆ ಮರಾಠಿ. ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿ ಉಮರ್ಗಾ ಪೇಟೆಯ ಮೂಲಕವೇ ಹಾದುಹೋಗುತ್ತದೆ. ಅಂಥ ಹೆದ್ದಾರಿಯ ಬದಿಯ ಗ್ಯಾರೇಜಿನಲ್ಲಿ ಮೋಟಾರ್ ಸೈಕಲಿನ ಮುಂಗಾಲು ಬಿಚ್ಚಿ, ಹರಿದ ಆಯಿಲ್ ಸೀಲ್ ತೆಗೆದು, ಹಳೆಯ ಕಪ್ಪು ಎಣ್ಣೆ ಚೆಲ್ಲಿ, ಅಳತೆ ನೋಡಿ ಹೊಸ ಎಣ್ಣೆ ಹೊಯ್ಯುವ ಹುಡುಗ ವಿಮಾನದ ಸ್ಟ್ರಟ್ಟಿನ ಅರ್ಧ ಪಾಠವನ್ನು ಆಗಲೇ ಕಲಿತಿದ್ದಾನೆ. ಬೈಕಿನಲ್ಲಿ ಭಾರ ಹೊರುವುದು ಸುರುಳಿ ಸ್ಪ್ರಿಂಗು, ವಿಮಾನದಲ್ಲಿ ಒತ್ತಿದ ಗಾಳಿ. ಮಿಕ್ಕದ್ದೆಲ್ಲ ದಾಯಾದಿಗಳೇ.

ಆ ಉಳಿದರ್ಧ ಪಾಠದಲ್ಲಿಯೇ ಅಪಾಯ ಅಡಗಿದೆ. ಒಂದು ಕಾಲಿನ ಮೇಲೆ 300 ಕಿಲೋ ಭಾರವಿದ್ದು, ಒಳಕೊಳವೆಯ ಅಡ್ಡಳತೆ 5 ಸೆಂಟಿಮೀಟರ್ ಇದ್ದರೆ ಒಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 15 ಕಿಲೋ. ಕಾರಿನ ಚಕ್ರಕ್ಕೆ ನಾವು ಹೊಡೆಸುವ ಗಾಳಿಯ ಏಳು ಪಟ್ಟು! ಬೈಕಿನ ಫೋರ್ಕು ಬಿಚ್ಚಿದ ಅಭ್ಯಾಸದಲ್ಲಿ ಇದರ ಮುಚ್ಚಳಕ್ಕೆ ನೇರವಾಗಿ ಸ್ಪಾನರ್ ಹಾಕಿದರೆ ಅದು ಬಂದೂಕಿನ ಗುಂಡಿನಂತೆ ಮುಖಕ್ಕೆ ಹಾರೀತು.

ಮೋಸಗೊಳಿಸುವ ಕಾಲು

ಮನೆಯಲ್ಲಿ ವಿಮಾನ ಕಟ್ಟಿದವನು ಒಂದು ಬೆಳಿಗ್ಗೆ ಬಂದು ನೋಡುತ್ತಾನೆ: ಮೂಗಿನ ಕಾಲು ಕುಸಿದಿದೆ. ಹೊಳೆಯುವ ಭಾಗ ನಾಲ್ಕು ಬೆರಳು ಕಾಣಬೇಕಾದಲ್ಲಿ ಒಂದೇ ಬೆರಳು ಕಾಣುತ್ತಿದೆ. ಸುಲಭದ ದಾರಿ ಏನು? ಪಂಪು ತಂದು ಗಾಳಿ ತುಂಬುವುದು. ತುಂಬಿದೊಡನೆ ಕಾಲು ಏಳುತ್ತದೆ, ವಿಮಾನ ನೆಟ್ಟಗೆ ನಿಲ್ಲುತ್ತದೆ, ಮನಸ್ಸಿಗೂ ನೆಮ್ಮದಿ.

ಆದರೆ ಕಾಲು ಕುಸಿದದ್ದು ಏಕೆ? ಗಾಳಿ ಮಾತ್ರ ಸೋರಿದ್ದರೆ ಈ ಚಿಕಿತ್ಸೆ ಸರಿ. ಸೀಲಿನ ಮೂಲಕ ಎಣ್ಣೆ ಸೋರಿದ್ದರೆ? ಎಣ್ಣೆಯ ಜಾಗವನ್ನೂ ಗಾಳಿಯೇ ತುಂಬಿಕೊಳ್ಳುತ್ತದೆ. ನಿಂತಾಗಿನ ಎತ್ತರವನ್ನು ತೀರ್ಮಾನಿಸುವುದು ಗಾಳಿಯಾದ್ದರಿಂದ ಅಳತೆಗೋಲು ಹಿಡಿದರೆ ಲೆಕ್ಕ ಸರಿಯಾಗಿಯೇ ಬರುತ್ತದೆ. ಕಣ್ಣಿಗೂ ಸರಿ, ಕೋಲಿಗೂ ಸರಿ. ಇಳಿಯುವಾಗ ಮಾತ್ರ ರಂಧ್ರದ ಮೂಲಕ ನುಗ್ಗಬೇಕಾದ ಎಣ್ಣೆ ಅಲ್ಲಿರುವುದಿಲ್ಲ. ಗಾಳಿ ಬರಿದೇ ಕುಗ್ಗಿ, ಕಾಲು ತಳ ಮುಟ್ಟಿ, ಲೋಹಕ್ಕೆ ಲೋಹ ಬಡಿಯುತ್ತದೆ. ಮರುಕ್ಷಣ ಅದೇ ಗಾಳಿ ಸ್ಪ್ರಿಂಗಿನಂತೆ ವಿಮಾನವನ್ನು ಮೇಲಕ್ಕೆಸೆಯುತ್ತದೆ. ಮೂಗಿನ ಕಾಲಾದರೆ ಪ್ರೊಪೆಲರಿನ ತುದಿ ನೆಲಕ್ಕೆ ತಾಗುತ್ತದೆ. ತಿರುಗುವ ಪ್ರೊಪೆಲರು ನೆಲಕ್ಕೆ ತಾಗಿದರೆ ಅದೊಂದೇ ಹಾಳಾಗುವುದಲ್ಲ. ಎಂಜಿನ್ ಪೂರ್ತಿ ಬಿಚ್ಚಿ, ಕ್ರ್ಯಾಂಕ್‌ಶಾಫ್ಟ್ ಪರೀಕ್ಷಿಸಬೇಕಾಗುತ್ತದೆ. ಒಂದು ಡಬ್ಬಿ ಎಣ್ಣೆಯ ಆಲಸ್ಯಕ್ಕೆ ಒಂದು ಎಂಜಿನ್ ದಂಡ. ದುರದೃಷ್ಟವಾದರೆ ಅದಕ್ಕಿಂತ ದೊಡ್ಡ ದಂಡ.

ತದ್ವಿರುದ್ಧವಾದ ತಪ್ಪೂ ಇದೆ. ಒಳ್ಳೆಯದಾಗಲೆಂದು ಎಣ್ಣೆಯನ್ನು ಮಿತಿಮೀರಿ ತುಂಬಿದರೆ ಗಾಳಿಗೆ ಕುಗ್ಗಲು ಜಾಗವಿರುವುದಿಲ್ಲ. ಎಣ್ಣೆ ಕುಗ್ಗುವ ವಸ್ತುವಲ್ಲ. ಕಾಲು ಮತ್ತೆ ಕಬ್ಬಿಣದ ಕಂಬವೇ ಆಗುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿಯೂ ನಿಜ.

ಆದುದರಿಂದ ಈ ವಿದ್ಯೆಯ ಮೊದಲ ಸೂತ್ರವಿಷ್ಟೆ: ಎಣ್ಣೆ ಸರಿಯಿದೆಯೆಂದು ಗೊತ್ತಿಲ್ಲದೆ ಗಾಳಿ ತುಂಬಬೇಡ.

ಕೆಲಸದ ಕ್ರಮ

ಕ್ರಮವಾಗಿ ಮಾಡಿದರೆ ಇದು ಕಷ್ಟದ ಕೆಲಸವಲ್ಲ. ವಿಮಾನದ ನಕ್ಷೆ ಕೊಟ್ಟವರ ಅಥವಾ ಸ್ಟ್ರಟ್ ತಯಾರಿಸಿದವರ ಕೈಪಿಡಿಯೇ ಇಲ್ಲಿ ಕೊನೆಯ ಮಾತು. ಕೆಲಸದ ಸಾಮಾನ್ಯ ಹಾದಿ ಹೀಗಿದೆ.

ಮೊದಲು ವಿಮಾನವನ್ನು ಸಮನೆಲದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟು, ಜಾಕ್ ಕೊಡಲೆಂದೇ ಗುರುತಿಸಿದ ಜಾಗದಲ್ಲಿ ಜಾಕ್ ಕೊಟ್ಟು ಎತ್ತಬೇಕು. ಹೊಳೆಯುವ ಒಳಕೊಳವೆಯನ್ನು ಅದೇ ಎಣ್ಣೆಯಲ್ಲಿ ಅದ್ದಿದ ಶುಚಿಯಾದ ಬಟ್ಟೆಯಿಂದ ಒರಸಿ ಬೆಳಕಿನಲ್ಲಿ ನೋಡಬೇಕು. ಗೀರು, ತುಕ್ಕಿನ ಚುಕ್ಕೆ, ಪದರ ಎದ್ದ ಗುರುತು ಇದ್ದರೆ ಸೀಲನ್ನು ಕೊಯ್ಯುತ್ತಿರುವ ಕತ್ತಿ ಅದೇ. ಕಾರಣ ಉಳಿಸಿಕೊಂಡು ಹೊಸ ಸೀಲ್ ಹಾಕುವುದು ತೂತಾದ ಕೊಡಕ್ಕೆ ನೀರು ಹೊಯ್ದಂತೆ.

ಎರಡನೆಯದು ಗಾಳಿ ಬಿಡುವುದು. ಕಣ್ಣಿಗೆ ಕನ್ನಡಕ ಹಾಕಿ, ಮುಖವನ್ನು ವಾಲ್ವಿನ ನೇರಕ್ಕೆ ತಾರದೆ, ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಬುಸುಗುಡುವುದು ನಿಂತ ಮೇಲೂ, ಕಾಲನ್ನು ಕೈಯಿಂದ ಮೇಲಕ್ಕೆ ಕೆಳಕ್ಕೆ ಆಡಿಸಿ, ಒಳಗೆ ಒತ್ತಡ ಉಳಿದಿಲ್ಲವೆಂದು ಖಚಿತವಾದ ನಂತರವೇ ವಾಲ್ವಿನ ಬುಡವನ್ನು ಬಿಚ್ಚಬೇಕು. ಈ ಒಂದು ಹೆಜ್ಜೆಯನ್ನು ಅದಲುಬದಲು ಮಾಡಿದವರಿಗೆ ಎರಡನೆಯ ಅವಕಾಶ ಸಿಗದಿರಬಹುದು.

ಮೂರನೆಯದು ಎಣ್ಣೆಯ ಪರೀಕ್ಷೆ. ಒಂದಿಷ್ಟನ್ನು ಗಾಜಿನ ಲೋಟಕ್ಕೆ ತೆಗೆದು ನೋಡಬೇಕು. ಕೆಂಪಾಗಿ ತಿಳಿಯಾಗಿದ್ದರೆ ಸರಿ. ಹಾಲಿನಂತೆ ಮಸುಕಾಗಿದ್ದರೆ ನೀರು ಸೇರಿದೆ. ಕಪ್ಪಾಗಿದ್ದರೆ ರಬ್ಬರು ಸವೆಯುತ್ತಿದೆ. ಹೊಳೆಯುವ ಪುಡಿ ಕಂಡರೆ ಲೋಹವೇ ಸವೆಯುತ್ತಿದೆ. ಆಗ ಸ್ಟ್ರಟ್ಟನ್ನು ಪೂರ್ತಿ ಬಿಚ್ಚದೆ ಗತ್ಯಂತರವಿಲ್ಲ.

ನಾಲ್ಕನೆಯದು ಎಣ್ಣೆ ತುಂಬುವುದು. ಕಾಲನ್ನು ಪೂರ್ತಿಯಾಗಿ ಒಳಕ್ಕೆ ಒತ್ತಿ, ತೂತಿನ ಅಂಚಿನವರೆಗೆ ಎಣ್ಣೆ ಹೊಯ್ಯಬೇಕು. ಅನಂತರ ವಾಲ್ವಿನ ಜಾಗಕ್ಕೆ ಪಾರದರ್ಶಕವಾದ ನಳಿಕೆ ಜೋಡಿಸಿ, ಅದರ ಇನ್ನೊಂದು ತುದಿಯನ್ನು ಎಣ್ಣೆಯ ಪಾತ್ರೆಯಲ್ಲಿ ಮುಳುಗಿಸಿ, ಕಾಲನ್ನು ನಿಧಾನವಾಗಿ ಎಳೆದು ಒತ್ತಿ ಮಾಡುತ್ತಿರಬೇಕು. ಒಳಗೆ ಸಿಕ್ಕಿಕೊಂಡ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬರುತ್ತದೆ. ಗುಳ್ಳೆ ನಿಲ್ಲುವವರೆಗೂ ಈ ಕೆಲಸ ನಡೆಯಬೇಕು. ಅವಸರ ಮಾಡುವವರು ಸೋಲುವುದು ಇಲ್ಲಿಯೇ. ಕೊನೆಗೆ ಪೂರ್ತಿ ಒತ್ತಿದ ಸ್ಥಿತಿಯಲ್ಲಿ ಎಣ್ಣೆ ಅಂಚಿಗೆ ನಿಂತರೆ ಅಳತೆ ಸರಿಯಾಯಿತು. ಬೇರೆ ಲೋಟ, ಬೇರೆ ಲೀಟರಿನ ಲೆಕ್ಕ ಬೇಡ. ಸ್ಟ್ರಟ್ಟೇ ತನ್ನ ಅಳತೆಯ ಪಾವು.

ಐದನೆಯದು ಗಾಳಿ. ವಾಲ್ವಿಗೆ ಹೊಸ ರಬ್ಬರ್ ಉಂಗುರ ಹಾಕಿ ಬಿಗಿದು, ವಿಮಾನವನ್ನು ನೆಲಕ್ಕಿಳಿಸಿ, ಕೈಪಿಡಿ ಹೇಳಿದ ಭಾರದಲ್ಲಿ ನಿಲ್ಲಿಸಿ, ನೈಟ್ರೋಜನನ್ನು ಹಂತ ಹಂತವಾಗಿ ತುಂಬಬೇಕು. ನಡುನಡುವೆ ವಿಮಾನವನ್ನು ಮೆಲ್ಲಗೆ ಅಲ್ಲಾಡಿಸಬೇಕು. ಇಲ್ಲವಾದರೆ ಸೀಲಿನ ಬಿಗಿತಕ್ಕೆ ಕಾಲು ಹಿಡಿದುಕೊಂಡು ಅಳತೆ ತಪ್ಪುತ್ತದೆ. ಉದಾಹರಣೆಗೆ ಪೈಪರ್ ಚೆರೋಕಿಯಲ್ಲಿ ಹಿಂದಿನ ಕಾಲುಗಳಲ್ಲಿ ಸುಮಾರು ನಾಲ್ಕೂವರೆ ಇಂಚು, ಮೂಗಿನ ಕಾಲಿನಲ್ಲಿ ಸುಮಾರು ಮೂರೂಕಾಲು ಇಂಚು ಹೊಳೆಯುವ ಭಾಗ ಕಾಣಬೇಕು. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಅದರದೇ ಅಳತೆ. ಸಾಬೂನಿನ ನೊರೆ ಹಚ್ಚಿ ವಾಲ್ವು ಸೋರುವುದೇ ಎಂದು ನೋಡಿ, ಮರುದಿನ ಬಂದು ಮತ್ತೊಮ್ಮೆ ಅಳೆದರೆ ಕೆಲಸ ಮುಗಿಯಿತು.

ಸೀಲನ್ನೇ ಬದಲಿಸಬೇಕಾದಾಗ ಇನ್ನೆರಡು ಎಚ್ಚರ. ಮೇಲಿನ ಕೊಳವೆಗೂ ಕೆಳಗಿನ ಕೊಳವೆಗೂ ಕತ್ತರಿಯಂತೆ ಕೊಂಡಿಯಿರುತ್ತದೆ. ಗಾಲಿ ಅತ್ತಿತ್ತ ತಿರುಗದಂತೆ ನೇರವಾಗಿ ಹಿಡಿದಿಡುವುದೂ, ಒಳಕೊಳವೆ ಜಾರಿ ಬೀಳದಂತೆ ತಡೆಯುವುದೂ ಅದೇ. ಅದನ್ನು ಬಿಚ್ಚುವ ಮೊದಲು ಕೆಳಗೆ ಆಸರೆ ಕೊಡಬೇಕು. ಕೊಂಡಿಯಲ್ಲಿರುವ ತೆಳು ವಾಶರುಗಳು ಎಲ್ಲಿದ್ದವೋ ಅಲ್ಲಿಗೇ ಮರಳಬೇಕು. ಅಲ್ಲಿ ಸಡಿಲು ಉಳಿದರೆ ಓಡುವಾಗ ಗಾಲಿ ಗಡಗಡನೆ ನಡುಗುತ್ತದೆ. ಹೊಸ ಉಂಗುರವನ್ನು ಒಣದಾಗಿ ತುರುಕದೆ ಎಣ್ಣೆ ಸವರಿ, ಚೂಪಾದ ಸಲಕರಣೆ ತಾಗಿಸದೆ ಬೆರಳಿನಿಂದ ಕೂರಿಸಬೇಕು.

'ಆಯಿಲ್' ಎಂದರೆ ಯಾವುದು? 'ಗ್ಯಾಸ್' ಎಂದರೆ ಯಾವುದು?

ಎರಡು ನುಡಿಗಳ ನಡುವೆ ಬದುಕುವ ನಮ್ಮಂಥವರಿಗೆ ಚೆನ್ನಾಗಿ ಅರ್ಥವಾಗುವ ಒಂದು ಅಪಾಯವನ್ನು ಇಲ್ಲಿ ಹೇಳಬೇಕು. ಕೈಪಿಡಿ ಇಂಗ್ಲಿಷಿನಲ್ಲಿರುತ್ತದೆ. ಗ್ಯಾರೇಜಿನ ಮಾತು ಮರಾಠಿಯೋ ಮಲಯಾಳವೋ ಆಗಿರುತ್ತದೆ. ಕೆಲಸ ಮಾಡುವವನು ಯೋಚಿಸುವುದು ಮನೆಮಾತಿನಲ್ಲಿ. ಈ ಮೂರರ ನಡುವೆ ಹೆಸರುಗಳು ಮೊಟಕಾಗುತ್ತವೆ.

'ಫ್ಲೂಯಿಡ್ ಹಾಕು' ಎಂದರೆ ಗ್ಯಾರೇಜಿನ ಹುಡುಗನ ಕೈಗೆ ಮೊದಲು ಸಿಗುವುದು ಕಾರಿನ ಬ್ರೇಕ್ ಫ್ಲೂಯಿಡ್. ಸಣ್ಣ ವಿಮಾನದ ಸ್ಟ್ರಟ್ಟಿಗೆ ಸಾಮಾನ್ಯವಾಗಿ ಬೇಕಾದದ್ದು '5606' ಎಂಬ ಸಂಖ್ಯೆಯಿಂದ ಹೆಸರಾದ, ಕೆಂಪು ಬಣ್ಣದ ಖನಿಜ ತೈಲ. ಅದಕ್ಕೆ ಹೊಂದುವ ರಬ್ಬರಿನಲ್ಲಿಯೇ ಸೀಲುಗಳನ್ನು ಮಾಡಿರುತ್ತಾರೆ. ಕಾರಿನ ಬ್ರೇಕ್ ಫ್ಲೂಯಿಡ್ ಬೇರೆಯೇ ಜಾತಿಯ ರಾಸಾಯನಿಕ. ಅದು ತಾಗಿದರೆ ಈ ರಬ್ಬರು ಉಬ್ಬಿ ಕೆಡುತ್ತದೆ. ಎರಡೂ 'ಆಯಿಲ್', ಎರಡೂ ಡಬ್ಬಿಯಲ್ಲಿ ಬರುವಂಥವೇ. ಆದರೆ ಒಂದು ಮದ್ದು, ಇನ್ನೊಂದು ವಿಷ.

'ಗ್ಯಾಸ್ ತುಂಬು' ಎಂಬ ಮಾತು ಅದಕ್ಕಿಂತಲೂ ಅಪಾಯದ್ದು. ವೆಲ್ಡಿಂಗ್ ನಡೆಯುವ ಗ್ಯಾರೇಜಿನಲ್ಲಿ ಆಕ್ಸಿಜನ್ ಸಿಲಿಂಡರ್ ಇರುತ್ತದೆ. ಅದರ ಒತ್ತಡವೂ ಬೇಕಾದಷ್ಟಿರುತ್ತದೆ. 'ಗ್ಯಾಸೇ ತಾನೆ' ಎಂದು ಅದನ್ನು ಸ್ಟ್ರಟ್ಟಿಗೆ ಜೋಡಿಸಿದರೆ ಒತ್ತಡದಲ್ಲಿರುವ ಆಕ್ಸಿಜನ್ನೂ ಎಣ್ಣೆಯೂ ಸೇರಿ, ಕಿಡಿಯ ಹಂಗೂ ಇಲ್ಲದೆ, ಸ್ಫೋಟವಾಗಬಲ್ಲದು. ಯಾವ ಕಾರಣಕ್ಕೂ ಆಕ್ಸಿಜನ್ ಕೂಡದು. ಬೇಕಾದದ್ದು ಒಣ ನೈಟ್ರೋಜನ್. ಅದು ಎಣ್ಣೆಯನ್ನು ಸುಡುವುದಿಲ್ಲ, ತೇವ ತಂದು ತುಕ್ಕು ಹಿಡಿಸುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ಚಕ್ರಕ್ಕೆ ತುಂಬುವ ನೈಟ್ರೋಜನ್ನಿನ ಒತ್ತಡ ಇದಕ್ಕೆ ಸಾಲದು. ರೆಗ್ಯುಲೇಟರ್ ಅಳವಡಿಸಿದ ಸಿಲಿಂಡರ್ ಬೇಕು.

ಆದುದರಿಂದ ಜಾಣನಾದವನು ಕೆಲಸದ ಪಟ್ಟಿಯನ್ನು ತನ್ನ ನುಡಿಯಲ್ಲಿ, ತನ್ನ ಕೈಯಾರೆ ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕು. ಆ ಪಟ್ಟಿಯಲ್ಲಿ 'ಎಣ್ಣೆ' ಎಂದು ಬರೆದರೆ ಸಾಲದು, ಸಂಖ್ಯೆ ಬರೆಯಬೇಕು. 'ಗ್ಯಾಸ್' ಎಂದು ಬರೆಯಬಾರದು, 'ನೈಟ್ರೋಜನ್' ಎಂದು ಪೂರ್ತಿ ಬರೆಯಬೇಕು. ನೆರವಿಗೆ ಬಂದವನಿಗೆ ಅವನ ನುಡಿಯಲ್ಲಿ ಒಮ್ಮೆ ಓದಿ ಹೇಳಬೇಕು. ಅರ್ಧ ತಿಳಿದ ಮಾತಿಗೆ ಪೂರ್ತಿ ತಲೆಯಾಡಿಸುವ ಅಭ್ಯಾಸ ಕಚೇರಿಯಲ್ಲಾದರೆ ಒಂದು ಅರ್ಜಿಯನ್ನು ಕೆಡಿಸೀತು; ಇಲ್ಲಿ ಕೈಕಾಲನ್ನು ಕೆಡಿಸೀತು.

ಬಿಸಿಲು ಮತ್ತು ಮಳೆ

ಊರಿನ ಹವೆಯೂ ಲೆಕ್ಕಕ್ಕೆ ಬರುತ್ತದೆ. ಮರಾಠವಾಡದಲ್ಲಿ ಚಳಿಗಾಲದ ಒಂದು ಮುಂಜಾನೆ 12 ಡಿಗ್ರಿಯಲ್ಲಿ ಸರಿಯಾಗಿ ಅಳೆದಿಟ್ಟ ಕಾಲು, ಬೇಸಿಗೆಯ 42 ಡಿಗ್ರಿಯ ಮಧ್ಯಾಹ್ನದಲ್ಲಿ ಹೆಚ್ಚು ಎತ್ತರ ನಿಲ್ಲುತ್ತದೆ. ಭಾರ ಬದಲಾಗದಿರುವುದರಿಂದ ಒತ್ತಡ ಅಷ್ಟೇ ಇದ್ದು, ಗಾಳಿ ಹಿಗ್ಗುತ್ತದೆ. ಲೆಕ್ಕ ಹಾಕಿದರೆ ಸುಮಾರು ನೂರಕ್ಕೆ ಹತ್ತರಷ್ಟು. ಇದು ರೋಗವಲ್ಲ, ಹವೆಯ ಗುಣ. ಬೇಸಿಗೆಯಲ್ಲಿ ಎತ್ತರ ಕಂಡಿತೆಂದು ಗಾಳಿ ಬಿಟ್ಟವನು ಚಳಿಗಾಲದಲ್ಲಿ ಕುಸಿದ ಕಾಲು ನೋಡುತ್ತಾನೆ. ಆದ್ದರಿಂದ ಅಳತೆಯ ಪಕ್ಕದಲ್ಲಿ ಅಂದಿನ ಉಷ್ಣತೆಯನ್ನೂ ಬರೆದಿಡುವುದು ಒಳ್ಳೆಯದು.

ನಮ್ಮ ಕರಾವಳಿಯ ಕಷ್ಟ ಬೇರೆ. ಇಲ್ಲಿ ಕಡಲಿನ ಉಪ್ಪುಗಾಳಿ, ಆಷಾಢದ ಮಳೆ. ಹೊಳೆಯುವ ಕೊಳವೆಯ ಮೇಲೆ ಕೂತ ಉಪ್ಪಿನ ತೇವ ತುಕ್ಕಿನ ಚುಕ್ಕೆಯಾಗಿ, ಆ ಚುಕ್ಕೆ ಸೀಲನ್ನು ಹರಿಯುತ್ತದೆ. ಅಲ್ಲಿ ಕರಿಮಣ್ಣಿನ ಧೂಳು ಮಾಡುವ ಕೆಲಸವನ್ನು ಇಲ್ಲಿ ಉಪ್ಪು ಮಾಡುತ್ತದೆ. ಎರಡಕ್ಕೂ ಪರಿಹಾರ ಒಂದೇ: ಹಾರುವ ಮೊದಲು ಎಣ್ಣೆಬಟ್ಟೆಯಿಂದ ಒಮ್ಮೆ ಒರಸುವುದು. ಅರ್ಧ ನಿಮಿಷದ ಕೆಲಸ.

ಪುಸ್ತಕದಲ್ಲಿ ಬರೆದದ್ದೇ ಕೆಲಸ

ಕಟ್ಟಿದ ವಿಮಾನವನ್ನು ಹಾರಿಸಲು ಎಲ್ಲ ದೇಶಗಳಲ್ಲಿಯೂ ಅನುಮತಿ ಬೇಕು. ಬ್ರಿಟನ್ನಿನಲ್ಲಿ ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್ನಿನ ಪರೀಕ್ಷಕರು ಹಂತ ಹಂತಕ್ಕೂ ಬಂದು ನೋಡಿ ಸಹಿ ಹಾಕುತ್ತಾರೆ. ನಮ್ಮಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಪ್ಪಿಗೆ ಬೇಕು. ಈ ನಿಯಮಗಳ ಬಗ್ಗೆ ಗೊಣಗುವವರಿದ್ದಾರೆ. ಗೊಣಗಲು ಕಾರಣಗಳೂ ಇಲ್ಲದಿಲ್ಲ. ಯಾದವರ ವಿಮಾನ ಪ್ರದರ್ಶನದ ದಿನದಿಂದ ಅನುಮತಿಯ ದಿನದವರೆಗೆ ಮೂರೂವರೆ ವರ್ಷಕ್ಕೂ ಮಿಕ್ಕಿ ಕಾಯಿತು. ಆದರೆ ಕಾಗದ ಎಷ್ಟೇ ಬಂದರೂ ಸ್ಟ್ರಟ್ಟಿನೊಳಗೆ ಎಣ್ಣೆ ಎಷ್ಟಿದೆಯೆಂದು ಕಾಗದಕ್ಕೆ ತಿಳಿಯದು. ಅದು ತಿಳಿದಿರುವುದು ಕೊನೆಯ ಬಾರಿ ಬಿಚ್ಚಿ ನೋಡಿದವನಿಗೆ ಮಾತ್ರ.

ಹಾಗಾಗಿ ಒಳ್ಳೆಯ ಕಟ್ಟಾಳುಗಳೆಲ್ಲ ಒಂದು ದಿನಚರಿ ಪುಸ್ತಕ ಇಟ್ಟಿರುತ್ತಾರೆ. ಯಾವ ದಿನ ಎಣ್ಣೆ ಬದಲಿಸಿದ್ದು, ಎಷ್ಟು ಅಳತೆಗೆ ನಿಲ್ಲಿಸಿದ್ದು, ಯಾವ ಸೀಲ್ ಹಾಕಿದ್ದು, ಎಷ್ಟು ಬಾರಿ ಗಾಳಿ ತುಂಬಬೇಕಾಯಿತು, ಎಲ್ಲವನ್ನೂ ಬರೆಯುತ್ತಾರೆ. ತಿಂಗಳಿಗೆ ಒಮ್ಮೆ ಗಾಳಿ ತುಂಬುತ್ತಿದ್ದವನು ವಾರಕ್ಕೊಮ್ಮೆ ತುಂಬಬೇಕಾಗಿ ಬಂದರೆ ಪುಸ್ತಕವೇ ಎಚ್ಚರಿಸುತ್ತದೆ: ಇದು ಗಾಳಿಯ ಸಮಸ್ಯೆಯಲ್ಲ, ಬಿಚ್ಚಿ ನೋಡು ಎಂದು. ನೆನಪು ಸುಳ್ಳು ಹೇಳೀತು, ಬರೆದಿಟ್ಟ ಅಕ್ಷರ ಹೇಳದು.

ನಮ್ಮ ಮನೆಗಳ ಮಕ್ಕಳು ಐಟಿಐಗೆ, ಪಾಲಿಟೆಕ್ನಿಕ್ಕಿಗೆ, ಎಂಜಿನಿಯರಿಂಗಿಗೆ ಹೋಗುತ್ತಿದ್ದಾರೆ. ಗುಂಜೋಟಿಯ ಕಡೆಯ ಮಕ್ಕಳೂ ಹೋಗುತ್ತಿದ್ದಾರೆ. ಅವರಲ್ಲಿ ಯಾರೋ ಒಬ್ಬರು ನಾಳೆ ತಾರಸಿಯ ಮೇಲೆ ರೆಕ್ಕೆ ಕಟ್ಟಲು ಕುಳಿತರೆ ಅಚ್ಚರಿಪಡಬೇಕಾದ್ದಿಲ್ಲ. ರೆಕ್ಕೆಯ ವಿಷಯ ಹೇಳಿಕೊಡಲು ಪುಸ್ತಕಗಳು ಬೇಕಾದಷ್ಟಿವೆ. ಕಾಲಿನ ವಿಷಯವನ್ನು ಮಾತ್ರ ಇಷ್ಟು ನೆನಪಿಟ್ಟರೆ ಸಾಕು: ಬಿಚ್ಚುವ ಮೊದಲು ಗಾಳಿ ಬಿಡು, ತುಂಬುವ ಮೊದಲು ಎಣ್ಣೆ ನೋಡು, ನೆಟ್ಟಗೆ ನಿಂತಿದೆಯೆಂದು ಕಾಲನ್ನು ನಂಬಬೇಡ.